ಫಿಶೆಲನ ಒಂಟಿ ಬ್ಯಾಂಡು

ಬೀಗರಾದ ಲೈಬಿಶ್ ಫೋನು ಮಾಡಿದಾಗ ಬೈಲಾ ವಾರದ ಸಬ್ಬತ್ ಹಬ್ಬದ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದಳು. ಮದುವೆಯ ಸಂಗೀತದ ಏರ್ಪಾಡು ಮುಗಿಯಿತು, ಸಿಡ್ನಿಯಿಂದ ಆರು ಜನರ ಬ್ಯಾಂಡು ಬರುತ್ತದೆ, ಪಿಟೀಲು, ಎರಡು ತುತ್ತೂರಿ ಎಲ್ಲ ಉಂಟು ಎಂದು ಆತ ಎದೆಯುಬ್ಬಿಸಿ ಹೇಳಿದ. ಬೈಲಾ ಆಯಿತು ಎಂದು ಫೋನು ಇಟ್ಟಳು. ಇಟ್ಟ ಮೇಲೆ ಮೈಯೆಲ್ಲ ಉರಿಯತೊಡಗಿತು. ಹಿಟ್ಟನ್ನು ಎಷ್ಟು ಗುದ್ದಿದಳೆಂದರೆ ಆ ವಾರ ಮನೆಯಲ್ಲಿ ಬ್ರೆಡ್ಡು ಅಗಿಯಲು ಎಲ್ಲರ ದವಡೆಯೂ ನೋಯಿತು.

ಊರಿನ ರಿಪ್ಪನ್‌ಲೀ, ಬಾಲಕ್ಲಾವಾ ಬಡಾವಣೆಗಳ ಯಹೂದಿಗಳಲ್ಲಿ ಮದುವೆಯೋ, ಮೂರು ವರ್ಷದ ಹುಡುಗನ ಮೊದಲ ಕ್ಷೌರವೋ, ಏನಿದ್ದರೂ ಒಂಬತ್ತು ವರ್ಷದಿಂದ ಕರೆ ಬರುತ್ತಿದ್ದದ್ದು ಅವಳ ಮಗ ಫಿಶೆಲನಿಗೆ. ಅವನದು ಒಂಟಿ ಬ್ಯಾಂಡು. ಎಡಗೈಯಲ್ಲಿ ತಾಳ, ಬಲಗೈಯಲ್ಲಿ ರಾಗ, ಬಾಯಲ್ಲಿ ಹಾಡು, ಕಾಲಡಿ ಒತ್ತುವ ಎರಡು ಗುಂಡಿ. ವ್ಯಾನಿನಿಂದ ಕೀಬೋರ್ಡು ಇಳಿಸುವಾಗ ವೈರಿನ ಸುರುಳಿ ಹಿಡಿದು ಬೈಲಾ ಎಷ್ಟೋ ಸಲ ಜೊತೆಗೆ ಹೋಗಿದ್ದಳು. ಮದುವೆ ಹಾಲಿಗೆ ಕಾಲಿಟ್ಟವನೇ ಅವನು ಮೊದಲು ಹುಡುಕುತ್ತಿದ್ದದ್ದು ಗೋಡೆಯಲ್ಲಿ ಪ್ಲಗ್ಗು ಎಲ್ಲಿದೆ ಎಂದು. ಮದುವೆ ನಿಲ್ಲಿಸಲು ಮದುಮಗನನ್ನು ಓಡಿಸಬೇಕಿಲ್ಲಮ್ಮ, ಇದೊಂದನ್ನು ಕಿತ್ತರೆ ಸಾಕು ಎಂದು ನಗುತ್ತಿದ್ದ.

ಈಗ ಅವನ ಒಬ್ಬಳೇ ತಂಗಿ ಹೆನ್ಯಾಳ ಮದುವೆ. ಅವರ ಅಪ್ಪ ಮೊಟ್ಟೆಲ್ ತೀರಿಕೊಂಡು ಏಳು ತಿಂಗಳಾಗಿತ್ತು. ಗಂಡ ಹೋದ ಬೈಲಾಳ ಸೂತಕ ಮೂವತ್ತು ದಿನಕ್ಕೆ ಮುಗಿದಿತ್ತು. ಹೆನ್ಯಾ ಮದುಮಗಳು, ತನ್ನ ಮದುವೆಯಲ್ಲಿ ತಾನಿರಲು ಅವಳಿಗೆ ಅಡ್ಡಿಯಿರಲಿಲ್ಲ. ಸಿಕ್ಕಿಬಿದ್ದವನು ಮಗನೊಬ್ಬ. ತಂದೆ ಹೋದ ವರ್ಷ ಪೂರ್ತಿ ಮಗ ವಾದ್ಯ ಕೇಳುವಂತಿಲ್ಲ. ಧರ್ಮಗುರು ರಬ್ಬಿಯ ಬಳಿ ಕೇಳಿದ್ದಾಗ ಅವರು ಗಡ್ಡ ನೀವಿಕೊಂಡು ಹೇಳಿದ್ದರು: ತಂಗಿಯ ಮದುವೆಯಾದ್ದರಿಂದ ಊಟಕ್ಕೆ ಕೂರಲಿ, ವಾದ್ಯ ಶುರುವಾದರೆ ಎದ್ದು ಹೊರಗೆ ಹೋಗಲಿ. ಆದರೆ ಅಲ್ಲಿ ಅವನಿಗೆ ಕೆಲಸವಿದ್ದರೆ ಇರಬಹುದು. ನುಡಿಸುವುದೇ ಅವನ ಕಸುಬು, ಕರೆದರೆ ನುಡಿಸಲಿ, ಹೊಟ್ಟೆಪಾಡಿಗೆ ಅಡ್ಡಿಯಿಲ್ಲ.

ಕರೆದರೆ. ಇಡೀ ವಿಷಯ ನಿಂತದ್ದು ಈ ಒಂದು ಮಾತಿನ ಮೇಲೆ. ಮದುವೆ ಹಾಲಿನ ಬಾಡಿಗೆ, ಊಟ ಹೆಣ್ಣಿನವರದು. ಹೂವು, ಫೋಟೋ, ಸಂಗೀತ ಗಂಡಿನವರದು ಎಂಬುದು ಅವರ ರೂಢಿ. ಕರೆಯಬೇಕಾದವನು ಲೈಬಿಶ್. ಮನೆಯಲ್ಲೇ ವಾದ್ಯದವನಿರುವಾಗ ಬೇರೆಯವರನ್ನು ಯಾರು ಕರೆಯುತ್ತಾರೆ ಎಂದು ಬೈಲಾ ನೆಮ್ಮದಿಯಾಗಿದ್ದಳು. ಆ ನೆಮ್ಮದಿಗೆ ಬೆಂಕಿ ಬಿತ್ತು.

ಹೋಗಿ ಒಂದು ಮಾತು ಕೇಳು ಎಂದು ಮಗನ ಬೆನ್ನುಹತ್ತಿದಳು.

“ನಾನು ಕೇಳಲ್ಲಮ್ಮ,” ಎಂದ ಫಿಶೆಲ್. “ಕೇಳಿ ತಗೊಂಡ್ರೆ ಅದು ಕೆಲಸ ಅಲ್ಲ, ಭಿಕ್ಷೆ.”

“ಅಪ್ಪನ ಹಟವೇ ನಿಂದೂ. ಅವರು ಮೇಲೆ ಹೋಗಿ ಕೂತ್ರು, ನೀನು ಬೀದೀಲಿ ನಿಲ್ಲು.”

ಬೈಲಾ ತಲೆಗೆ ಸ್ಕಾರ್ಫು ಬಿಗಿದು ತಾನೇ ಹೊರಟಳು. ಕಾರ್ಲೈಲ್ ಬೀದಿಯಲ್ಲಿ ಲೈಬಿಶನ ರತ್ನಗಂಬಳಿ ಅಂಗಡಿ. ಬೇಸಿಗೆಯಲ್ಲಿ ಮರಳುಗಾಡಿನಿಂದ ಬರುವ ಬಡಗಣ ಗಾಳಿ ಕುಲುಮೆಯ ಹಾಗೆ ಬೀಸುತ್ತಿತ್ತು. ಟ್ರಾಮಿನಿಂದ ಇಳಿಯುವಾಗ ಅವಳ ಕೋಪವೂ ಅದೇ ಹದಕ್ಕೆ ಬಂದಿತ್ತು.

ಲೈಬಿಶ್ ಕುರ್ಚಿ ಹಾಕಿಸಿದ, ತಣ್ಣನೆ ನೀರು ತರಿಸಿದ. ಕೆಟ್ಟವನಲ್ಲ ಅವನು, ತಾನು ಒಳ್ಳೆಯವನೆಂದು ಹತ್ತು ಜನರಿಗೆ ಕಾಣುತ್ತಿರಬೇಕು, ಅಷ್ಟೇ. ಅಪ್ಪನಿಲ್ಲದ ಹುಡುಗಿಯ ಮದುವೆಯಲ್ಲಿ ಯಾವುದೂ ಕಡಿಮೆಯಾಗಬಾರದೆಂದೇ ಆರು ಜನರನ್ನು ಕರೆಸುತ್ತಿದ್ದೇನೆ ಎಂದ. ಬೈಲಾ ರಬ್ಬಿಯ ಮಾತನ್ನು ಬಿಡಿಸಿ ಹೇಳಿದಳು. ಫಿಶೆಲನನ್ನು ಏಳನೆಯವನಾಗಿ ಕೂರಿಸಿದರೂ ಸಾಕು ಎಂದಳು. ಹಾಗೆ ಬೇಡಿದ್ದಕ್ಕೆ ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

“ಬ್ಯಾಂಡಿನ ಯಜಮಾನನ್ನ ಕೇಳ್ದೆ ಬೀಗಿತ್ತಿಯವರೇ,” ಎಂದ ಲೈಬಿಶ್. “ಗುಂಡಿ ಒತ್ತೋರು ನಮ್ ಜೊತೆ ಹೊಂದಲ್ಲ ಅಂದ. ಇನ್ನು ಒಬ್ಬನೇ ನುಡಿಸೋದು ಅಂದ್ರೆ, ತಪ್ಪು ತಿಳೀಬೇಡಿ, ಅದು ಕೈ ಸಾಗದೋರ ಮದುವೆಗೆ. ಜನ ಏನಂತಾರೆ?”

“ನಿಮ್ಮ ದೊಡ್ಡ ಮಗಳ ಮದುವೇಲಿ ಅದೇ ಗುಂಡಿಗೆ ನೀವು ಮೇಜು ಹತ್ತಿ ಕುಣಿದ್ರಿ.”

“ಆಗಿನ ಕಾಲ ಬೇರೆ,” ಎಂದು ಅವನು ಗಂಬಳಿಯ ಅಂಚು ಸರಿಮಾಡಿದ. “ಅವನು ಒಳಗಿರ್ಬೇಕು, ಅಷ್ಟೇ ತಾನೆ? ಏಪ್ರನ್ನು ಕಟ್ಕೊಂಡು ಎರಡು ತಟ್ಟೆ ಬಡಿಸ್ಲಿ. ಅದೂ ಕೆಲಸವೇ. ಸೂತಕದೋರು ಎಷ್ಟೋ ಜನ ಹಾಗೆ ಮಾಡಿದಾರೆ.”

ಮಾಡಿದ್ದರು, ಸುಳ್ಳಲ್ಲ. ರಬ್ಬಿಗಳೂ ಒಪ್ಪುವ ದಾರಿಯೇ. ಆದರೆ ಅವರೆಲ್ಲ ದರ್ಜಿಗಳು, ಗುಮಾಸ್ತರು. ತಟ್ಟೆ ಹಿಡಿದರೆ ಅವರ ಗಂಟೇನು ಹೋಗುತ್ತದೆ? ಇವನು ವಾದ್ಯದವನು. ಬೇರೆಯವರು ತನ್ನ ತಂಗಿಯ ಕುಣಿತಕ್ಕೆ ನುಡಿಸುವಾಗ ಮೀನಿನ ತಟ್ಟೆ ಹೊತ್ತು ಓಡಾಡಬೇಕು. ನೀರು ಕುಡಿಯದೆ ಬೈಲಾ ಎದ್ದು ಬಂದಳು.

ಫಿಶೆಲ್ ಮಾತ್ರ ಒಪ್ಪಿಕೊಂಡ. ಹೆನ್ಯಾ ಕಣ್ಣಿಗೆ ಬೀಳುತ್ತಾಳಲ್ಲ ಎಂದ. ಅವನು ಒಪ್ಪಿದ್ದು ಬೈಲಾಳ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

ಮದುವೆಯ ಸಂಜೆ, ಎಂಟು ಗಂಟೆಯಾದರೂ ಬಿಸಿಲು ಆರಿರಲಿಲ್ಲ. ಅಂಗಳದ ಚಪ್ಪರದಡಿ ಶಾಸ್ತ್ರವೆಲ್ಲ ಮುಗಿದು ಜನ ಒಳಗೆ ಬಂದರು. ಹಾಲಿನ ನಡುವೆ ಎತ್ತರದ ಮರೆ ಕಟ್ಟಿತ್ತು. ಈಚೆ ಹೆಂಗಸರು, ಆಚೆ ಗಂಡಸರು. ಬೈಲಾ ಮರೆಯ ಕೊನೆಯಲ್ಲಿ ಕುರ್ಚಿ ಹಾಕಿಕೊಂಡಿದ್ದಳು. ಆಚೆ ದೊಡ್ಡ ಮೇಜಿನಲ್ಲಿ ಲೈಬಿಶ್, ಮದುಮಗ, ಅವರ ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. ಅದು ಮೊಟ್ಟೆಲನದು, ಅಲ್ಲಿ ಯಾರನ್ನೂ ಕೂರಿಸಕೂಡದೆಂದು ಅವಳೇ ಕಟ್ಟುನಿಟ್ಟಾಗಿ ಹೇಳಿದ್ದಳು.

ಆರು ಜನ ನುಡಿಸತೊಡಗಿದರು. ಚೆನ್ನಾಗಿಯೇ ನುಡಿಸಿದರು, ಹಾಳಾದವರು. ಫಿಶೆಲ್ ಬಿಳಿ ಏಪ್ರನ್ನು ಕಟ್ಟಿಕೊಂಡು ತಟ್ಟೆಗಳ ನಡುವೆ ತಲೆ ತಗ್ಗಿಸಿ ನಡೆಯುತ್ತಿದ್ದ. ತಟ್ಟೆಯಡಿ ಅವನ ಎಡಗೈ ಬೆರಳುಗಳು ತಮ್ಮಷ್ಟಕ್ಕೆ ತಾಳ ಹಾಕುತ್ತಿದ್ದವು. ಬೈಲಾ ಅದನ್ನು ನೋಡಿ ಹಲ್ಲು ಕಚ್ಚಿದಳು.

ಆಗ ಲೈಬಿಶ್ ತಲೆಯೆತ್ತದೆ, ಏಪ್ರನ್ನಿನ ಕಡೆಗೆ ಎರಡು ಸಲ ಚಿಟಿಕೆ ಹೊಡೆದ.

“ಏಯ್, ಇಲ್ಲೊಂದು ಸೋಡಾ.” ಆಮೇಲೆ ಮುಖ ನೋಡಿದ. “ಓ, ನೀನಾ ಫಿಶೆಲ್. ಐಸು ಜಾಸ್ತಿ ಹಾಕಿಸು.”

ಬೈಲಾ ಎದ್ದಳು. ಮರೆ ದಾಟಿ ಗಂಡಸರ ಕಡೆ ಹೆಂಗಸು ಕಾಲಿಡುವುದೇ? ಅವಳು ಇಟ್ಟಳು. ಗಂಡಸರು ಬೆಚ್ಚಿ ದಾರಿ ಬಿಟ್ಟರು. ಫಿಶೆಲ್ ಎಷ್ಟೋ ಸಲ ನುಡಿಸಿದ ಹಾಲು ಅದು, ವೇದಿಕೆಯ ಹಿಂದಿನ ಗೋಡೆಯಲ್ಲಿ ಪ್ಲಗ್ಗು ಎಲ್ಲಿದೆಯೆಂದು ಅವಳಿಗೆ ಒಂಬತ್ತು ವರ್ಷದಿಂದ ಗೊತ್ತಿತ್ತು. ಬಗ್ಗಿದಳು, ಎರಡೂ ಕೈಯಲ್ಲಿ ವೈರು ಹಿಡಿದು ಕಿತ್ತಳು. ಮೈಕು ಸತ್ತಿತು, ಗಿಟಾರು ಸತ್ತಿತು. ತುತ್ತೂರಿಯವರು ಅರ್ಧ ಸಾಲು ಊದಿ, ಅವಳ ಮುಖ ನೋಡಿ ಬಾಯಿಂದ ತೆಗೆದರು.

ವೈರು ಕೈಯಲ್ಲಿ ಹಿಡಿದೇ ಅವಳು ದೊಡ್ಡ ಮೇಜಿನ ಮುಂದೆ ನಿಂತಳು.

“ಫಿಶೆಲ್, ಏಪ್ರನ್ನು ಬಿಚ್ಚು. ವಾದ್ಯ ಇಲ್ದೇ ಹೋದ್ರೆ ನೀನು ಕೂರಬಹುದು, ರಬ್ಬಿ ಹೇಳಿದಾರೆ. ಕೂತ್ಕೋ ಅಪ್ಪನ ಕುರ್ಚೀಲಿ.”

“ಬೀಗಿತ್ತಿಯವರೇ, ಇನ್ನೂರು ಜನ ನೋಡ್ತಿದಾರೆ,” ಎಂದ ಲೈಬಿಶ್, ಮೆಲ್ಲಗೆ.

“ನೋಡ್ಲಿ ಬೀಗರೇ. ನೀವು ಆರು ಜನರನ್ನ ಕರೆಸಿದ್ದೇ ನೋಡ್ಲಿ ಅಂತ ತಾನೆ? ಹಾಲಿನ ಬಾಡಿಗೆ ನಂದು, ಊಟ ನಂದು. ನನ್ನ ಮಗ ತನ್ನ ತಂಗಿ ಮದುವೆ ಊಟ ಉಂಡು ಏಳೋವರೆಗೂ ಈ ವೈರು ನನ್ನ ಕೈಲೇ ಇರತ್ತೆ.”

ಲೈಬಿಶ್ ಮೇಜುಬಟ್ಟೆಯ ಅಂಚು ಸರಿಮಾಡಿದ. ರಬ್ಬಿ ತಮ್ಮ ತಟ್ಟೆಯನ್ನೇ ನೋಡುತ್ತ, ಬೇಡವೆನ್ನದೆ ಗಡ್ಡ ನೀವಿಕೊಂಡರು. ಫಿಶೆಲ್ ಏಪ್ರನ್ನು ಬಿಚ್ಚಿ, ಮಡಿಸಿ, ಅಪ್ಪನ ಕುರ್ಚಿಯಲ್ಲಿ ಕೂತ. ಇನ್ನೊಬ್ಬ ಬಡಿಸುವವನು ಓಡಿ ಬಂದು ಅವನ ಮುಂದೆ ಮೀನಿನ ಉಂಡೆ ಇಟ್ಟ. ಇಡೀ ಹಾಲಿನಲ್ಲಿ ಒಂದು ಫೋರ್ಕಿನ ಸದ್ದು ಮಾತ್ರ ಕೇಳುತ್ತಿತ್ತು.

ಸದ್ದು ನಿಂತದ್ದೇಕೆಂದು ಹೆನ್ಯಾ ಬಿಳಿ ಲಂಗ ಎತ್ತಿ ಹಿಡಿದು ಮರೆಯ ಕೊನೆಗೆ ಬಂದಳು. ಅಪ್ಪನ ಕುರ್ಚಿಯಲ್ಲಿ ಅಣ್ಣನನ್ನು ಕಂಡಳು, ಅಮ್ಮನ ಕೈಯ ವೈರು ಕಂಡಳು. ಯಾರೂ ಏನೂ ಹೇಳಬೇಕಾಗಲಿಲ್ಲ. ಬೈಲಾ ಬಿಟ್ಟುಬಂದ ಕುರ್ಚಿಯಲ್ಲಿ ಅವಳು ಕೂತಳು.

ತಟ್ಟೆಯಲ್ಲಿ ಅರ್ಧ ಉಂಡೆ ಉಳಿದಿತ್ತು. ಅದು ಮುಗಿದರೆ ವಾದ್ಯ ಶುರುವಾಗುತ್ತದೆ, ಅವನು ಏಳಬೇಕು.

“ಅಣ್ಣ,” ಎಂದಳು ಹೆನ್ಯಾ, “ನಿಧಾನವಾಗಿ ತಿನ್ನು.”

ಮುಳ್ಳು ತೆಗೆದು ಅರೆದು ಮಾಡಿದ ಆ ಉಂಡೆಯಲ್ಲಿ ಫಿಶೆಲ್ ಫೋರ್ಕಿನ ತುದಿಯಿಂದ ಒಂದೊಂದೇ ಮುಳ್ಳು ಹುಡುಕತೊಡಗಿದ.