ಅಜ್ಜಿಯ ಕಾಲಿಗಂಟದ ನೆರಳು

ನಮ್ಮ ಕಂಪ್ಯೂಟರ್ ಆಟದ ಅಜ್ಜಿಗೆ ಅಂದು ಮಧ್ಯಾಹ್ನದವರೆಗೆ ಮಾತ್ರ ಆಯುಸ್ಸಿತ್ತು. ಅವಳ ನೆರಳು ಪಾದಕ್ಕೆ ಅಂಟದೆ ಒಂದು ಗೇಣು ಆಚೆ ಬೀಳುತ್ತಿತ್ತು. ಆಟ ಕೊಳ್ಳುವವರು ಸಂಜೆ ಬರುವವರಿದ್ದರು. ಮಧ್ಯಾಹ್ನದೊಳಗೆ ಸರಿಹೋಗದಿದ್ದರೆ ಅಜ್ಜಿಯನ್ನು ತೆಗೆದು ಡಬ್ಬದಂಥ ರೋಬೋಟನ್ನು ನಿಲ್ಲಿಸಿ ಎಂದು ನಮ್ಮ ಕಂಪನಿಯ ಯಜಮಾನರು ಹೇಳಿ ಹೋಗಿದ್ದರು. ಅಜ್ಜಿಯನ್ನು ರೂಪಿಸಿದವಳು ನನ್ನ ಅಕ್ಕ. ನಮ್ಮ ಅಮ್ಮನ ನಡಿಗೆಯನ್ನೇ, ಮೊಣಕಾಲು ನೋವಿನ ಸಮೇತ, ಅವಳಿಗೆ ಕೊಟ್ಟಿದ್ದಳು. ನೆರಳಿನ ಪ್ರೋಗ್ರಾಂ ಬರೆದವಳು ನಾನು. ಹಾಗಾಗಿ ಬೈಗುಳವೆಲ್ಲ ನನ್ನ ಪಾಲಿಗೆ.

ನೆರಳಿಗೆ ಬಯಾಸ್ ಎಂಬ ಒಂದು ಅಂಕಿ ಇರುತ್ತದೆ. ತೀರಾ ಇಳಿಸಿದರೆ ಅಜ್ಜಿಯ ಮುಖದ ತುಂಬ ಕಪ್ಪು ಪಟ್ಟೆ. ಏರಿಸಿದರೆ ನೆರಳು ಕಾಲು ಬಿಟ್ಟು ಓಡುತ್ತದೆ. ಬೆಳಗಿನಿಂದ ಇಳಿಸಿದ್ದೇ ಇಳಿಸಿದ್ದು, ಏರಿಸಿದ್ದೇ ಏರಿಸಿದ್ದು. ಕೊನೆಗೆ ಪಟ್ಟೆ ಕಾಣದಂಥ ಅಂಕಿಯೇನೋ ಸಿಕ್ಕಿತು, ಆ ಗೇಣು ಮಾತ್ರ ಹೋಗಲಿಲ್ಲ. ಪಕ್ಕದಲ್ಲಿ ಕೂತ ಅಕ್ಕ, ನಿನ್ನ ನೆರಳಿಗೆ ನನ್ನ ಅಜ್ಜಿಯನ್ನು ಕಂಡರಾಗದು ಎಂದು ಗೊಣಗುತ್ತಲೇ ಇದ್ದಳು. ನನಗೆ ಮೈಯೆಲ್ಲ ಉರಿಯಿತು.

ಆ ಸಿಟ್ಟಿನಲ್ಲೇ ಆಟದ ಅಂಗಳಕ್ಕೆ ಒಂದು ಕುರ್ಚಿ ತಂದು ಅಜ್ಜಿಯ ಪಕ್ಕಕ್ಕಿಟ್ಟೆ. ಕುರ್ಚಿಯ ನೆರಳು ಕಾಲಿಗೆ ಅಂಟಿಕೊಂಡೇ ಬಿತ್ತು. ಅಂದರೆ ನನ್ನ ಲೆಕ್ಕ ಸರಿಯಿತ್ತು. ನಮ್ಮ ಆಟವನ್ನು ಯಾವಾಗಲೂ ಮೇಲಿನಿಂದ ನೋಡುವುದು. ಕ್ಯಾಮೆರಾವನ್ನು ಮೊದಲ ಸಲ ನೆಲದ ಮಟ್ಟಕ್ಕೆ ಇಳಿಸಿದೆ. ಅಜ್ಜಿಯ ಚಪ್ಪಲಿಗೂ ನೆಲಕ್ಕೂ ನಡುವೆ ಬೆಕ್ಕು ನುಸುಳುವಷ್ಟು ಜಾಗ.

ಅಕ್ಕನ ಕಡೆ ತಿರುಗಿದೆ. ಅವಳು ಗೋಡೆ ನೋಡುತ್ತಿದ್ದಳು.

“ಚಪ್ಪಲಿ ನೆಲದೊಳಗೆ ಹೂತುಹೋಗ್ತಿತ್ತು ಕಣೇ,” ಅಂದಳು. “ಅದಕ್ಕೇ ಸ್ವಲ್ಪ ಎತ್ತಿಟ್ಟೆ. ಮೇಲಿಂದ ನೋಡಿದ್ರೆ ಯಾರಿಗೆ ಗೊತ್ತಾಗುತ್ತೆ?”

ನನಗೆ ನಗು ತಡೆಯಲಾಗಲಿಲ್ಲ. ಮನೆಯಲ್ಲಿ ಏನು ಅಲುಗಾಡಿದರೂ ಕಾಲಡಿಗೆ ಕಾಗದ ಮಡಚಿಡುವವಳು ಇವಳೇ. ಮೇಜು, ಬೀರು, ಅಮ್ಮನ ಮಂಚ, ಯಾವುದನ್ನೂ ಬಿಟ್ಟಿಲ್ಲ. ಈಗ ಅಜ್ಜಿಯ ಸರದಿ.

ಅಕ್ಕ ಚಪ್ಪಲಿಯ ಅಟ್ಟೆಯನ್ನು ತೆಳುವಾಗಿಸಿದಳು, ನಾನು ಅಜ್ಜಿಯನ್ನು ನೆಲಕ್ಕಿಳಿಸಿದೆ. ಅಷ್ಟರಲ್ಲಿ ಯಜಮಾನರು ಬಂದು ಬೆನ್ನ ಹಿಂದೆ ನಿಂತರು. ಅಜ್ಜಿ ಹೊಸ್ತಿಲು ದಾಟಿ ಅಂಗಳಕ್ಕೆ ಬಂದಳು; ನೆರಳು ಕಾಲು ಬಿಡದೆ ಜೊತೆಗೇ ಬಂತು. ಅವಳು ನಿಂತು ಮೊಣಕಾಲು ನೀವಿಕೊಂಡಳು, ನೆರಳೂ ನೀವಿಕೊಂಡಿತು. ನನಗೆ ಅಮ್ಮನನ್ನೇ ಕಂಡಂತಾಯಿತು.

“ಆ ಕುರ್ಚಿ ತೆಗೀಬೇಡಿ,” ಅಂದರು ಯಜಮಾನರು. “ಅಜ್ಜಿ ಸ್ವಲ್ಪ ಕೂತ್ಕೊಳ್ಳಲಿ.”

ನನಗೆ ಕುಣಿಯುವಷ್ಟು ಖುಷಿಯಾಯಿತು. ಅಕ್ಕ ಮಾತ್ರ ಆಗಲೇ ಪರದೆಗೆ ಮೂಗು ತಾಗಿಸಿ, ಕುರ್ಚಿಯ ಕಾಲು ಅಲುಗಾಡುತ್ತದೆಯೇ ಎಂದು ನೋಡತೊಡಗಿದ್ದಳು. ನಾನು ಅವಳ ಕೈಯಿಂದ ಮೌಸ್ ಕಿತ್ತುಕೊಂಡೆ.