ಎದುರು ಮೇಳದ ಹಾಡು

ಸವಣೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಫ್ಜಲನ ಮೊಬೈಲ್ ರಿಪೇರಿ ಅಂಗಡಿ. ಅಲ್ಲಿಗೆ ಒಡೆದ ಫೋನು ತಂದವರು ಗಾಜು ಹಾಕಿಸಿಕೊಂಡು ಸುಮ್ಮನೆ ಎದ್ದು ಹೋದದ್ದು ಅಪರೂಪ. ದೊಡ್ಡ ಹುಣಸಿ ಹೆಚ್ಚೋ, ಗ್ವಾಂಜಾಳ ಗ್ಯಾಂಗ್ ಹೆಚ್ಚೋ ಎಂಬ ವಾದಕ್ಕೆ ಒಂದಿಷ್ಟು ಹೊತ್ತು ಕೂತೇ ಹೋಗಬೇಕು. ಎರಡೂ ರ‍್ಯಾಪ್ ತಂಡಗಳು. ಎರಡೂ ಹುಟ್ಟಿ, ಹೆಸರು ಮಾಡಿ, ಮುರಿದುಬಿದ್ದು ಹತ್ತು ವರ್ಷದ ಮೇಲಾಯಿತು. ಆದರೂ ಹಾನಗಲ್ಲಿನ ಕಟಿಂಗ್ ಶಾಪಿನಲ್ಲಿ ಕೂತರೂ, ಶಿಗ್ಗಾಂವಿಯಲ್ಲಿ ಟಂಟಂ ಹತ್ತಿದರೂ ಎರಡರಲ್ಲಿ ಒಂದು ಕಿವಿಗೆ ಬೀಳುತ್ತದೆ. ಆಮೇಲೆ ಬಂದ ಹುಡುಗರು ಕರಿ ಕನ್ನಡಕ ಹಾಕಿ, ಬಾಡಿಗೆ ಕಾರಿನ ಮೇಲೆ ಕಾಲಿಟ್ಟು ಹಾಡಿದರು. ಬಂದ ದಾರಿಗೆ ಸುಂಕವಿಲ್ಲ ಎಂದು ಮರಳಿ ಹೋದರು. ಇವೆರಡು ಮಾತ್ರ ಹೋಗಲಿಲ್ಲ.

ದೊಡ್ಡ ಹುಣಸಿ ಎಂದರೆ ಅಲ್ತಾಫ ಮತ್ತು ಅಫ್ಜಲ. ಊರಿನಲ್ಲಿ ‘ದೊಡ್ಡ ಹುಣಸಿ’ ಎಂದು ಕರೆಯುವ ಆನೆಗಾತ್ರದ ಮರಗಳ ಹೆಸರನ್ನೇ ತಮ್ಮ ತಂಡಕ್ಕೆ ಇಟ್ಟುಕೊಂಡಿದ್ದರು. ಮಾತು, ದನಿ ಅಲ್ತಾಫನದು, ತಾಳ ಅಫ್ಜಲನದು. ಅಫ್ಜಲನ ಅಪ್ಪ ದಸ್ತಗೀರಸಾಬ ಮೊಹರಮ್ಮಿನಲ್ಲಿ ಕರ್ಬಲೆಯ ಶೋಕದ ರಿವಾಯತ ಪದ ಹಾಡುತ್ತಿದ್ದವರು. ಆ ಪದಗಳ ನಿಧಾನದ ಹೆಜ್ಜೆಯನ್ನು ಮಗ ಕಂಪ್ಯೂಟರಿಗೆ ಹಾಕಿದ, ಅದರ ಮೇಲೆ ಅಲ್ತಾಫ ದುಃಖವನ್ನು ಒಂದೊಂದೇ ಇಟ್ಟಿಗೆಯಂತೆ ಇಟ್ಟ. ಅವರ ಹೆಸರಾದ ಹಾಡಿನಲ್ಲಿ ಗೋವೆಗೆ ದುಡಿಯಲು ಹೋದ ಮಗನ ಹೆಣ ಮನೆಗೆ ಬರುತ್ತದೆ, ತಾಯಿ ಬಾಗಿಲು ತೆಗೆಯುವುದಿಲ್ಲ. ಅಷ್ಟೇ ಹಾಡು. ಕೇಳಿದವರು ಗಾಡಿ ನಿಲ್ಲಿಸಿ ಸುಮ್ಮನೆ ಕೂಡುತ್ತಾರೆ.

ಗ್ವಾಂಜಾಳ ಎಂದರೆ ಮೆಕ್ಕೆಜೋಳ; ಆ ಹೆಸರಿನ ಗ್ಯಾಂಗ್ ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನ ಅಣ್ಣ-ತಂಗಿ, ಲೋಹಿತ ಮತ್ತು ವಿದ್ಯಾಶ್ರೀ. ಅಪ್ಪ ಗುತ್ತೆಪ್ಪನ ಹಲಗಿಯೇ ಅವರ ತಾಳ. ಒಬ್ಬರ ಬಾಯಿಂದ ಇನ್ನೊಬ್ಬರು ಮಾತು ಕಸಿದುಕೊಂಡು ಹಾಡುತ್ತಿದ್ದರು. ಅವರ ಎಮ್ಮೆಯ ಹಾಡು ಗೊತ್ತಿಲ್ಲದ ಮಗು ಈ ಸೀಮೆಯಲ್ಲಿ ಇಲ್ಲ. ಎಮ್ಮೆಯೊಂದು ಬಸ್ಸು ಹತ್ತುತ್ತದೆ. ‘ಕಾಲು ನಾಕು, ಸೀಟು ಒಂದು, ಎಲ್ಲಿ ಕುಂಡ್ರತೀ?’ ಎಂದು ಕಂಡಕ್ಟರ್ ಕೇಳುತ್ತಾನೆ. ‘ನಿಂತ ಬರ್ತೇನಿ ಯಪ್ಪಾ, ಕರಾ ಹೋದ ದಾರಿಗೆ’ ಎಂದು ಎಮ್ಮೆ ಹೇಳುತ್ತದೆ. ಮೊದಲು ಕೇಳಿದಾಗ ಹೊಟ್ಟೆ ಹಿಡಿದುಕೊಂಡು ನಗಬೇಕು. ಬಹಳ ಸಲ ಕೇಳಿದ ಮೇಲೆ, ಅದು ಸಂತೆಯಲ್ಲಿ ಮಾರಿಹೋದ ತನ್ನ ಕರುವನ್ನು ಹುಡುಕಿಕೊಂಡು ಹೊರಟಿದೆ ಎಂಬುದು ತಲೆಗೆ ಹೋಗುತ್ತದೆ. ಅಷ್ಟರಲ್ಲಿ ಕಾಲು ಕುಣಿದುಬಿಟ್ಟಿರುತ್ತದೆ.

ಅಫ್ಜಲ ಇದನ್ನು ಒಪ್ಪುವವನಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಅವನಿಗೆ ತನ್ನ ತಾಳವೇ ತಾಳ. ಮೆಕ್ಕೆಜೋಳದ ಲಾರಿ ಓಡಿಸುವ ಉಳಿವೆಪ್ಪ ಅಂಗಡಿಗೆ ಬಂದಾಗಲೆಲ್ಲ ಕೆಣಕುತ್ತಿದ್ದ.

“ನಿಮ್ಮ ಹಾಡು ಛಲೋನ ಐತಿ, ಅಫ್ಜಲಣ್ಣ. ಆದ್ರ ಮನಿಯಾಗ ಹಚ್ಚಾಕ ಆಗೂದಿಲ್ಲ. ಹುಡುಗ್ರು ಅಳ್ತಾವು.”

“ನಗಸೋದು ಯಾರಿಗೂ ಬರ್ತೈತಿ. ಹತ್ತು ವರ್ಷ ಆದಮ್ಯಾಲೂ ಅಳಸೋದು ಯಾರಿಗೆ ಬರ್ತೈತಿ ಹೇಳು?”

“ಅತ್ತವರು ಒಮ್ಮೆ ಕೇಳ್ತಾರ. ನಕ್ಕವರು ದಿನಾ ಕೇಳ್ತಾರ.”

ಅಫ್ಜಲ ಅವನ ಫೋನನ್ನು ಅವತ್ತು ಬೇಕಂತಲೇ ತಡಮಾಡಿ ಕೊಟ್ಟ.

ಈ ಹಟಕ್ಕೆ ಒಂದು ಬೇರು ಇತ್ತು. ರಿವಾಯತ ಮೇಳಗಳಲ್ಲಿ ಎದುರುಬದುರು ನಿಂತು ಸವಾಲು ಹಾಕುವ ರೂಢಿ. ಅಲ್ಲಿ ಒಂದು ನೇಮ ಉಂಟು: ಎದುರು ಮೇಳದ ಪದವನ್ನು ಬಾಯಿಗೆ ತಂದುಕೊಂಡ ಮೇಳ ಸೋತಂತೆ. ಮನೆಯಲ್ಲಿ ಕೂತು ಗುನುಗಿದರೂ ಸೋಲೇ. ದಸ್ತಗೀರಸಾಬರು ಯಾರದೋ ಮದುವೆಯಲ್ಲಿ ಎದುರು ಮೇಳದ ಧಾಟಿ ಕೇಳಿಬಂತೆಂದು ಬಿರಿಯಾನಿ ಬಿಟ್ಟು ಎದ್ದು ಬಂದ ಆಸಾಮಿ. ದೊಡ್ಡ ಹುಣಸಿ ಮತ್ತು ಗ್ವಾಂಜಾಳ ಒಮ್ಮೆ ಶಿಗ್ಗಾಂವಿಯಲ್ಲಿ ಒಂದೇ ವೇದಿಕೆ ಹತ್ತಿದ್ದವು. ನಡುವೆ ಕರೆಂಟು ಹೋಗಿ ಜನ ಚದುರಿದರು, ಗೆದ್ದವರು ಯಾರೆಂದು ತೀರ್ಮಾನವೇ ಆಗಲಿಲ್ಲ. ಆಗದ ತೀರ್ಮಾನಕ್ಕಾಗಿ ಅಫ್ಜಲ ಅಂದಿನಿಂದ ಅಂಗಡಿಯಲ್ಲಿ ಕೂತು ಕಾಯುತ್ತಿದ್ದ.

ಹಾಡು ನಿಂತ ಮೇಲೆ ಅಲ್ತಾಫ ವೀಳ್ಯದೆಲೆ ವ್ಯಾಪಾರಕ್ಕಿಳಿದ. ಎಲೆ ಮಾರುವವನು ಎಲೆ ಬಿಟ್ಟು ಗುಟ್ಕಾಕ್ಕೆ ಬಿದ್ದ. ಈ ವರ್ಷ ದನಿ ಒಡೆಯಿತು, ಮತ್ತೆ ಕೂಡಲಿಲ್ಲ. ಹುಬ್ಬಳ್ಳಿಯ ಡಾಕ್ಟರು ನೋಡಿ, ಗಂಟಲಲ್ಲಿ ಕ್ಯಾನ್ಸರ್, ದನಿಪೆಟ್ಟಿಗೆ ತೆಗೆಯದಿದ್ದರೆ ಜೀವ ಹೋಗುತ್ತದೆ ಎಂದರು. ತೆಗೆದರೆ ದನಿ ಹೋಗುತ್ತದೆ. ಬರುವ ವಾರವೇ ಆಪರೇಷನ್ ಎಂದು ಗೊತ್ತಾಯಿತು.

ಅಲ್ತಾಫ ಅಂಗಡಿಗೆ ಬಂದು, ಪಿಸುಗುಟ್ಟಿದಂಥ ದನಿಯಲ್ಲಿ ಹೇಳಿದ: “ಒಂದು ಹಾಡು ರೆಕಾರ್ಡ್ ಮಾಡೋಣು. ಕಡೀದು.”

ಅಫ್ಜಲನ ಕಣ್ಣು ತುಂಬಿತು. “ನಾನೂ ಅದನ್ನ ಹೇಳಬೇಕಂತಿದ್ದೆ. ಬಾಗಿಲದ ಹಾಡು ಮತ್ತೊಮ್ಮೆ…”

“ಅದಲ್ಲೋ. ಎಮ್ಮಿ ಹಾಡು.”

ಅಫ್ಜಲ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟ.

“ಫರ್ಜಾನಾ ನನ್ನ ಹಾಡು ಕೇಳೂದಿಲ್ಲ,” ಎಂದ ಅಲ್ತಾಫ. ಫರ್ಜಾನಾ ಅವನ ಒಬ್ಬಳೇ ಮಗಳು, ಎರಡನೆಯ ಇಯತ್ತೆ ಓದುವವಳು. “ಹೆಣ ಬರೂದು ಕೇಳಿ ಹೆದರ್ತಾಳ. ಎಮ್ಮಿ ಹಾಡಂದ್ರ ಜೀವ. ಅಕಿ ಕಂಡಕ್ಟರ್ ಆಗ್ತಾಳ, ನನ್ನ ಎಮ್ಮಿ ಮಾಡ್ತಾಳ. ನಾಳೆ ನನಗ ದನಿ ಇರೂದಿಲ್ಲ. ಅಕಿ ಬೇಕಾದಾಗ ಹಚ್ಚಿಕೊಂಡು ಕೇಳೂವಂಥಾದ್ದು ಒಂದು ಬಿಟ್ಟು ಹೋಗಬೇಕಲ್ಲೋ. ಲೋಹಿತಗ ಫೋನ್ ಮಾಡೇನಿ. ಐತವಾರ ಬರ್ತಾನ.”

ಇದಕ್ಕಿಂತ ಸ್ಪಷ್ಟವಾಗಿ ಯಾವ ಮನುಷ್ಯನೂ ಹೇಳಲಾರ. ಆದರೆ ಅಫ್ಜಲನ ಕಿವಿಗೆ ಬಿದ್ದದ್ದು ಒಂದೇ ಮಾತು: ನಾವು ಸೋತೆವು ಎಂದು ನಾವೇ ಹಾಡಿ ಹೇಳಬೇಕಂತೆ. ಆದರೂ ತಲೆಯಾಡಿಸಿದ. ಸಾಯುವ ದನಿಗೆ ಇಲ್ಲ ಎನ್ನುವಷ್ಟು ಕೆಟ್ಟವನಲ್ಲ ಅವನು.

ಆ ಭಾನುವಾರ ಲೋಹಿತ ಚಿಕ್ಕೇರೂರಿನಿಂದ ಹಲಗಿ ಹೆಗಲಿಗೆ ಹಾಕಿಕೊಂಡು ಬಂದ. ತಂಗಿ ವಿದ್ಯಾಶ್ರೀ ಹಾನಗಲ್ಲಿಗೆ ಮದುವೆಯಾಗಿ ಹೋದ ಮೇಲೆ ಹಾಡು ಬಿಟ್ಟಿದ್ದಾಳೆ. ಅವಳ ಎಮ್ಮೆಯ ಪಾಲು ಅಲ್ತಾಫನಿಗೆ, ಕಂಡಕ್ಟರನ ಪಾಲು ಲೋಹಿತನಿಗೆ ಎಂದು ಫೋನಿನಲ್ಲೇ ಮಾತಾಗಿತ್ತು. ಅಂಗಡಿಯ ಹಿಂದಿನ ಕೋಣೆಗೆ ಅಫ್ಜಲ ಹಳೆಯ ಗಾದಿಗಳನ್ನು ಬಡಿದು ಸದ್ದು ಹೊರಬೀಳದಂತೆ ಮಾಡಿದ್ದ. ಲೋಹಿತ ಹೊರಗಿನ ಕಟ್ಟೆಯಲ್ಲಿ ಕಾಗದ ಹೊತ್ತಿಸಿ ಹಲಗಿಗೆ ಬಿಸಿ ಕೊಟ್ಟ. ಬಿಸಿಯಾದರೆ ಚರ್ಮ ಬಿಗಿಯುತ್ತದೆ, ನುಡಿಯುತ್ತದೆ.

“ತಯಾರ್ ಐತ್ರಿ ಅಣ್ಣಾರ. ಹಚ್ಚೂದನ?” ಎಂದ.

“ಮೊದಲ ನಮ್ಮದು ಒಂದ್ಸಲ ಆಗ್ಲಿ,” ಎಂದ ಅಫ್ಜಲ. “ದನಿ ಹದಕ್ಕ ಬರ್ತೈತಿ.”

ಅಲ್ತಾಫ ಗೆಳೆಯನ ಮುಖ ನೋಡಿದ. ಬೇಡವೆನ್ನಲು ಬಾಯಿ ಬರಲಿಲ್ಲವೇನೋ, ಮೈಕಿನ ಮುಂದೆ ನಿಂತು ಬಾಗಿಲಿನ ಹಾಡು ಹಾಡಿದ. ಒಡೆದ ಗಂಟಲಿನಿಂದ ಬಂದ ಹಾಡು ಹಿಂದೆಂದೂ ಹಾಗೆ ಇರಲಿಲ್ಲ. ಹೆಣ ಬಾಗಿಲಿಗೆ ಬಂದ ಸಾಲಿನಲ್ಲಿ ದನಿ ಸೀಳಿತು, ಅಫ್ಜಲನ ರೋಮ ನೆಟ್ಟಗಾದವು. ಇದನ್ನು ಕೇಳಿದ ಮೇಲೆ ಉಳಿವೆಪ್ಪ ಬಾಯಿ ತೆಗೆಯಲಿ ನೋಡೋಣ ಎಂದುಕೊಂಡ. ಗೆಳೆಯನ ಗಂಟಲು ಹರಿಯುತ್ತಿದೆ, ಇವನಿಗೆ ಲಾರಿ ಡ್ರೈವರನ ನೆನಪು! ನರಮನುಷ್ಯರ ಬುದ್ಧಿಗೆ ಏನೆನ್ನಬೇಕು.

“ಇನ್ನೊಂದ್ಸಲ,” ಎಂದ. “ನಡಕ ಒಂದ್ಕಡೆ ಕೆಮ್ಮು ಬಂತು.”

ಹೊರಗೆ ಹಲಗಿ ಆರಿತು. ಲೋಹಿತ ಮತ್ತೆ ಕಾಗದ ಹೊತ್ತಿಸಿದ.

“ಇನ್ನೊಂದ. ಕಡೀ ನುಡಿ ಅಷ್ಟ.”

ಮತ್ತೆ ಆರಿತು. ಕಾಗದ ತೀರಿ, ಲೋಹಿತ ಒಳಗೆ ಇಣುಕಿದ. “ಅಣ್ಣಾರ, ಅವರ ಗಂಟಲಾ ನೋಡ್ರಿ. ಹುಡುಗಿ ಹಾಡು ಮೊದಲ ಮುಗಿಸಿಬಿಡೋಣಲ್ರಿ.”

“ನಿನಗ ಗೆದ್ದು ಹೋಗೂ ಅವಸರ,” ಎಂದ ಅಫ್ಜಲ. ಹೇಳಿದ ಮೇಲೆ ನಾಚಿಕೆಯಾಯಿತು. ಆದರೆ ಮಾತು ಆಡಿದರೆ ಹೋಯಿತು. ಲೋಹಿತ ಹಲಗಿ ತೆಗೆದುಕೊಂಡು ಒಳಗೆ ಬಂದು ಕೂತ.

ಕೊನೆಗೆ ಎಮ್ಮೆಯ ಹಾಡು ಶುರುವಾಯಿತು. ಲೋಹಿತ ಹಲಗಿ ಬಡಿದು ಕೇಳಿದ, “ಎಲ್ಲಿ ಕುಂಡ್ರತೀ?” ಅಲ್ತಾಫ ಕಣ್ಣರಳಿಸಿ, ಮಗಳೇ ಎದುರಿಗಿದ್ದಾಳೆಂಬಂತೆ ನಗುತ್ತ, “ನಿಂತ ಬರ್ತೇನಿ ಯಪ್ಪಾ” ಎಂದ. ಅಷ್ಟೇ. ಮುಂದಿನ ಮಾತಿಗೆ ಬಾಯಿ ತೆರೆಯಿತು, ಗಾಳಿ ಮಾತ್ರ ಬಂತು. ನೀರು ಕುಡಿಸಿದರು, ಬೆನ್ನು ನೀವಿದರು. ಕರ್ಚೀಫಿನಲ್ಲಿ ರಕ್ತ ಕಂಡಿತು.

ಅಲ್ತಾಫ ಕಂಪ್ಯೂಟರಿನತ್ತ ಬೆರಳು ತೋರಿಸಿದ: ಆ ಒಂದು ಸಾಲಾದರೂ ಸಿಕ್ಕಿತೇ?

ಸಿಕ್ಕಿರಲಿಲ್ಲ. ಅಫ್ಜಲ ಗುಂಡಿ ಒತ್ತಿರಲಿಲ್ಲ. ಮೊದಲ ಸಲ ಬರೀ ತಾಲೀಮು ಎಂದುಕೊಂಡೆ, ಮರೆತೆ ಎಂದು ಅವನು ಇವತ್ತಿಗೂ ಹೇಳುತ್ತಾನೆ. ಬಾಗಿಲಿನ ಹಾಡಿಗೆ ಒಮ್ಮೆಯೂ ಬರದ ಮರೆವು ಎಮ್ಮೆಯ ಹಾಡಿಗೇ ಬಂತಲ್ಲ ಎಂದು ನಾವು ಕೇಳಬಹುದು. ಕೇಳಿ ಏನು ಬಂತು? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ನಾಲ್ಕನೆಯ ಕಾಲು ಕಾಣುವ ಹೊತ್ತಿಗೆ ಮೊಲ ಸತ್ತಿರುತ್ತದೆ.

ದನಿ ಮರುದಿನವೂ ಏಳಲಿಲ್ಲ. ಅಲ್ತಾಫ ಹಾಗೆಯೇ ಹುಬ್ಬಳ್ಳಿಗೆ ಹೋದ.

ಅವನು ಆಸ್ಪತ್ರೆಯಲ್ಲಿರುವಾಗ ಅಫ್ಜಲ ಬಾಗಿಲಿನ ಹಾಡನ್ನು ನೆಟ್ಟಿಗೆ ಹಾಕಿದ. ಜನ ಹುಚ್ಚರಂತೆ ಕೇಳಿದರು. ಇಂಥ ದನಿ ಮತ್ತೆ ಹುಟ್ಟುವುದಿಲ್ಲ ಎಂದು ಬರೆದರು. ದುಬೈಯಲ್ಲಿ ಕೂತವರು ಅತ್ತರಂತೆ. ಉಳಿವೆಪ್ಪ ಅಂಗಡಿಗೆ ಬಂದು ಪೂರ್ತಿ ಕೇಳಿ, “ನೀವ ಗೆದ್ರಿ, ಅಣ್ಣ,” ಎಂದು ತಲೆ ತಗ್ಗಿಸಿ ಹೋದ. ಹತ್ತು ವರ್ಷ ಕಾದ ಮಾತು ಬಂತು, ಅಫ್ಜಲನಿಗೆ ಅಂದು ಊಟ ಸೇರಲಿಲ್ಲ.

ಅಲ್ತಾಫ ಮನೆಗೆ ಬಂದ ಮೇಲೆ ನೋಡಲು ಹೋದ. ಅಲ್ತಾಫನ ಹೆಂಡತಿ ನುಜಹತ ಬಾಗಿಲು ತೆರೆದಳು. ಮಂಚದ ಮೇಲೆ ಅಲ್ತಾಫ ದಿಂಬಿಗೊರಗಿ ಕೂತಿದ್ದ. ಕೊರಳ ಕೆಳಗೆ ತೂತು, ಅದರ ಮೇಲೆ ತೆಳು ಬಟ್ಟೆ. ಉಸಿರು ಬಂದಾಗೊಮ್ಮೆ ಬಟ್ಟೆ ಏಳುತ್ತಿತ್ತು.

ಫರ್ಜಾನಾ ಓಡಿ ಬಂದಳು. “ಚಾಚಾ, ನನ್ನ ಹಾಡು ತಂದೀರೇನ್ರಿ? ಅಬ್ಬಾ ಎಮ್ಮಿ ಹಾಡು ಹಾಡಿಟ್ಟು ಹೋಗ್ಯಾರಂತ. ನಿಮ್ಮ ಕಡೆ ಐತಂತ ಅಮ್ಮಿ ಹೇಳ್ಯಾಳ.”

ಅಫ್ಜಲ ನುಜಹತಳ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಆಗದ ಕೆಲಸವನ್ನು ಆಯಿತೆಂದು ಮಗುವಿಗೆ ಹೇಳಿಸಿದವನು ಅಲ್ತಾಫನೇ ಎಂಬುದು ಅವನಿಗೆ ತಿಳಿಯಿತು. ಗೆಳೆಯನ ಹೆಸರು ಮಗಳ ಮುಂದೆ ಕೆಡಬಾರದೆಂದು ಹೇಳಿಸಿದ್ದ.

“ಇಲ್ಲವ್ವಾ,” ಎಂದ ಅಫ್ಜಲ. “ಅದು ನನ್ನ ಕಡೆ ಇಲ್ಲ. ನನ್ನ ತಪ್ಪಿನಿಂದ ಆಗಲಿಲ್ಲ.”

ಮಗು ಮಂಚ ಹತ್ತಿ ಅಪ್ಪನ ಎದುರು ಕೂತಿತು. “ಹೋಗ್ಲಿ ಬಿಡ್ರಿ, ಅಬ್ಬಾನ ಬಂದಾರಲ್ಲ,” ಎಂದು ಮಂಚಕ್ಕೆ ಅಂಗೈ ಬಡಿದು ಶುರುಮಾಡಿತು. “ಕಾಲು ನಾಕು, ಸೀಟು ಒಂದು, ಎಲ್ಲಿ ಕುಂಡ್ರತೀ?”

ಅಲ್ತಾಫನ ತುಟಿಗಳು ಅಲುಗಿದವು. ಕೊರಳ ಬಟ್ಟೆ ಒಮ್ಮೆ ಎದ್ದು ಬಿತ್ತು. ಸಿಳ್ಳಿನಂಥ ಗಾಳಿ ಬಂತು.

ಫರ್ಜಾನಾ ಕಾದಳು. “ನಿಮ್ಮ ಪಾಳಿ, ಅಬ್ಬಾ.”

ಆಗ ಅಫ್ಜಲ, ದಸ್ತಗೀರಸಾಬರ ಮಗ, ಹುಟ್ಟಿದಾಗಿನಿಂದ ಎದುರು ಮೇಳದ ಒಂದು ಅಕ್ಷರ ಬಾಯಿಗೆ ತಂದುಕೊಳ್ಳದವನು, ತಾಳ ತಪ್ಪಿದ ದನಿಯಲ್ಲಿ ಹಾಡಿದ: “ನಿಂತ ಬರ್ತೇನಿ ಯಪ್ಪಾ, ಕರಾ ಹೋದ ದಾರಿಗೆ…”

ಹುಡುಗಿ ತಿರುಗಿ ನೋಡಿದಳು. ಸಿಟ್ಟೇನೂ ಮಾಡಲಿಲ್ಲ, ಗೊತ್ತಿಲ್ಲದವರಿಗೆ ತಿಳಿಸಿ ಹೇಳುವಂತೆ ಹೇಳಿದಳು.

“ನೀವಲ್ರಿ ಚಾಚಾ. ಅಬ್ಬಾ ಹಾಡಬೇಕು.”

ಮತ್ತೆ ಅಪ್ಪನ ಕಡೆ ತಿರುಗಿ, ಅಂಗೈ ಎತ್ತಿಕೊಂಡು ಕಾಯುತ್ತ ಕೂತಳು.