ಹಳ್ಳಕ್ಕೆ ಉಡಿ ತುಂಬಲು ಹೋದವಳು

ಮೊಳಕಾಲ್ಮೂರಿನ ಆಚೆಯ ಬಂಡೆಗುಡ್ಡದ ಬುಡದಲ್ಲಿ ಹಳ್ಳ ಹರಿಯುವುದೇ ಅಪರೂಪ. ಹಾಗಾಗಿ ಹರಿದ ದಿನ ಅಲ್ಲಿನವರು ನೀರಿಗೆ ಹೆದರಿ ಓಡುವುದಿಲ್ಲ, ಎದುರು ಹೋಗುತ್ತಾರೆ. ಗುಡ್ಡದ ಮೇಲೆ ಮಳೆ ಕಂಡರೆ ಹೆಂಗಸರು ಅರಿಸಿನ, ಕುಂಕುಮ, ಉಡಿಯಕ್ಕಿ ಹಿಡಿದು ಒಣ ಮರಳಿನ ಮೇಲೆ ಕಾಯುತ್ತಾರೆ. ಮೊದಲು ನೊರೆ, ತರಗೆಲೆ. ಅದರ ಹಿಂದೆ ನೀರು ಮೆಲ್ಲಗೆ ಬಂದು ಕಾಲು ಮುಟ್ಟುತ್ತಿತ್ತು. ಹರಿದು ಬಂದ ಗಂಗವ್ವನಿಗೆ ಉಡಿ ತುಂಬಿ ದಡ ಹತ್ತುವಷ್ಟು ಪುರಸೊತ್ತು ಇರುತ್ತಿತ್ತು.

ಆ ಪುರಸೊತ್ತು ಕೊಡುತ್ತಿದ್ದುದು ಇಳಿಜಾರಿನ ಮೂರು ಕಲ್ಲೊಡ್ಡುಗಳು. ಗಂಗಾಂಬಿಕಾ ಸೊಸೆಯಾಗಿ ಬಂದ ವರ್ಷ, ಬರಗಾಲದ ಕಾಮಗಾರಿಯಲ್ಲಿ, ಅವಳ ಮಾವ ಮುಂದೆ ನಿಂತು ಕಟ್ಟಿಸಿದ್ದು. ಹೋದ ಬೇಸಿಗೆಯಲ್ಲಿ ಅವಳ ಮಗ ಓಂಕಾರಮೂರ್ತಿ ತನ್ನ ಜಲ್ಲಿ ಕ್ರಷರಿಗೆ ಟಿಪ್ಪರ್ ದಾರಿ ಬೇಕೆಂದು ಮೂರನ್ನೂ ಒಡೆಸಿದ. ಪೊದೆ, ಜಾಲಿ ಒಂದನ್ನೂ ಉಳಿಸದೆ ಗುಡ್ಡ ಬೋಳಿಸಿದ. ಹಳೆಯ ಕಲ್ಲು ಜಗ್ಗದೆ ಜೆಸಿಬಿ ಬಕೆಟ್ಟಿನ ಹಲ್ಲು ಎರಡು ಸಲ ಮುರಿಯಿತು. ಎರಡು ಸಲವೂ ವೆಲ್ಡಿಂಗ್ ಮಾಡಿಕೊಟ್ಟವನು ಚಳ್ಳಕೆರೆಯಿಂದ ಬಂದು ನೆಲೆಸಿದ್ದ ಮುದಿ ಮೆಕ್ಯಾನಿಕ್ ಬಾಬಾ ಜಾನ್.

ಮಂಡಿನೋವಿನ ಗಂಗಾಂಬಿಕಾ ಗುಡ್ಡ ಹತ್ತಿ ಎಷ್ಟೋ ವರ್ಷವಾಗಿತ್ತು. ಒಡ್ಡು ಹೋದದ್ದನ್ನು ಮಗ ಅವಳಿಗೆ ಹೇಳಲಿಲ್ಲ. ತಾಯಿ ಮಗನ ನಡುವೆ ನಾನ್ಯಾಕೆ ಎಂದು ಬಾಬಾ ಜಾನನೂ ಸುಮ್ಮನಿದ್ದ.

ಆ ಮಂಗಳವಾರ ಊರಲ್ಲಿ ಬಿಸಿಲು, ಗುಡ್ಡದ ತಲೆ ಮಾತ್ರ ಕಪ್ಪು. ರಿಪೇರಿಗೆಂದು ಟಿಪ್ಪರಿನಡಿ ಮಲಗಿದ್ದ ಬಾಬಾ ಜಾನನ ಬೆನ್ನಿಗೆ ನೆಲ ಅದುರಿದ್ದು ತಿಳಿಯಿತು. ಲೋಡು ಗಾಡಿ ಬಂತೇನೋ ಎಂದು ಎದ್ದು ನೋಡಿದರೆ ಗುಡ್ಡದ ದಾರಿಯುದ್ದಕ್ಕೂ ಕೆಂಪು ನೀರು ಇಳಿಯುತ್ತಿತ್ತು. ಹಳ್ಳದ ಕಡೆ ಓಡಿದ. ಉಳಿದ ಹೆಂಗಸರು ಇನ್ನೂ ಹಾದಿಯಲ್ಲಿದ್ದರು. ಮರಳಿನ ನಡುವೆ ಗಂಗಾಂಬಿಕಾ ಒಬ್ಬಳೇ ಮೊರ ಹಿಡಿದು ನಿಂತಿದ್ದಳು.

"ಅಕ್ಕಾ, ಮ್ಯಾಲಕ್ ಬರ್ರಿ! ನೀರು ಬರ್ತೈತೆ!"

"ಬರ್ಲಿ ಅಂತಾನೇ ನಿಂತೀನಿ ಕಣೋ ಬಾಬಣ್ಣ. ನಾಕು ವರ್ಷ ಆತು ಗಂಗವ್ವ ಮುಖ ತೋರ್ಸಿ."

"ಇದು ಹಂಗಲ್ಲಕ್ಕಾ, ಮ್ಯಾಲೆ ಒಡ್ಡು ಇಲ್ಲ!"

"ನಮ್ಮ ಮಾವ ಕಟ್ಸಿದ್ದು, ಎಲ್ಲಿಗೋಗ್ತೈತೆ? ಹುಲಿ ಬಂದಂಗೆ ಕೂಗ್ತೀಯಲ್ಲ, ಬಾ, ನಿನಗೂ ಒಂದು ಹಿಡಿ ಮಂಡಕ್ಕಿ ಕೊಡ್ತೀನಿ," ಎಂದು ನಕ್ಕಳು.

ಅವನು ದಡ ಇಳಿಯುವಷ್ಟರಲ್ಲಿ ಆಳೆತ್ತರದ ಕೆಸರು ಬಂಡೆಗಳನ್ನು ಉರುಳಿಸಿಕೊಂಡು ತಿರುವಿನಿಂದ ನುಗ್ಗಿತು. ನೊರೆಯಿಲ್ಲ, ತರಗೆಲೆಯಿಲ್ಲ. ಅವಳ ಸೆರಗು ಅವನ ಬೆರಳಿಗೆ ತಗುಲಿತಷ್ಟೆ.

ಹೆಣ ಮೂರನೇ ದಿನ ಎರಡು ಮೈಲಿ ಕೆಳಗೆ ಮುಳ್ಳುಬೇಲಿಯಲ್ಲಿ ಸಿಕ್ಕಿತು. ಪಂಚನಾಮೆಗೆ ಬಂದ ನೌಕರ "ಅತಿವೃಷ್ಟಿ, ಪ್ರಕೃತಿ ವಿಕೋಪ" ಎಂದು ಬರೆದು ಓದಿ, ಕಣ್ಣಾರೆ ಕಂಡವನೆಂದು ಬಾಬಾ ಜಾನನ ಮುಂದೆ ಸಹಿಗೆ ಹಾಳೆ ಹಿಡಿದ.

"ಒಡ್ಡು ಒಡ್ದಿದ್ದೂ ಬರ್ಕೊಳ್ರಿ ಸಾರ್. ಮಳೆ ಒಂದೇ ಕೊಲ್ಲಲಿಲ್ಲ."

ಅತ್ತು ಕಣ್ಣು ಊದಿದ್ದ ಓಂಕಾರಮೂರ್ತಿ ತಲೆ ಎತ್ತಿದ. "ಬಕೆಟ್ಟಿಗೆ ಹಲ್ಲು ಕೂರ್ಸಿದ್ಯಾರು ಚಾಚಾ?"

"ನಾನೇ ಕಣಪ್ಪ. ಅದ್ನೂ ಬರ್ಕೊಳ್ರಿ ಸಾರ್."

"ಅಷ್ಟಕ್ಕೆಲ್ಲ ಇದ್ರಾಗೆ ಜಾಗ ಇಲ್ಲ ಅಜ್ಜ," ಎಂದ ನೌಕರ. ಕ್ರಷರಿನ ಕೂಲಿಗಳಿಬ್ಬರು ಮುಂದೆ ಬಂದು, ಓದದೆಯೇ ಸಹಿ ಹಾಕಿದರು.

ಹೆಣ ಎತ್ತುವಾಗ ಬಾಬಾ ಜಾನ್ ಹೆಗಲು ಕೊಡಲು ಹೋದ.

"ಬ್ಯಾಡ ಚಾಚಾ," ಎಂದ ಓಂಕಾರಮೂರ್ತಿ, "ನಮ್ಮೋರು ಅದಾರೆ."

ಬಾಬಾ ಜಾನ್ ದಾರಿ ಬಿಟ್ಟು ನಿಂತ.